ಬೀದರ್ ಝೀರಾದ ಲಂಗರ್ ಊಟ: ಮೆನು ಇಲ್ಲ, ಬಿಲ್ ಇಲ್ಲ, ಆದ್ರೂ ರಿವ್ಯೂ ಬರೀಲೇಬೇಕು

ಅಲ್ಲೋ, ಗುರುದ್ವಾರದಾಗ ಎಲ್ಲಾರಿಗೂ ಪುಕ್ಕಟ ಹಾಕೋ ಲಂಗರ್ ಊಟಕ್ಕ ಯಾರಾದ್ರೂ ರಿವ್ಯೂ ಬರೀತಾರೇನು ಅಂತ ನಮ್ಮವ್ವ ಕೇಳಿದ್ಲು. ನನಗೂ ಹಂಗೇ ಅನ್ಸಿತ್ತು ಖರೇ, ಆದ್ರ ಎಲ್ಲಿ ಉಂಡ್ರೂ ಬಂದು ನಾಲ್ಕು ಸಾಲು ಗೀಚೋ ಚಟ ಬಿಡವಲ್ದು, ಹೋದ ಐತ್ವಾರ ಬೀದರ್‌ನಿಂದ ವಾಪಸ್ ಬರೋ ದಾರ್ಯಾಗೇ ಮೊಬೈಲ್ ತಗದು ಶುರು ಮಾಡಿದೆ. ಆ ಆ್ಯಪ್ ಮೊದ್ಲ ಕೇಳಿದ್ದೇ ಒಬ್ಬರಿಗೆ ಎಷ್ಟು ಖರ್ಚಾತು ಅಂತ, ಕೆಳಗ ನಾಲ್ಕೈದು ರೇಟ್ ಕೊಟ್ಟಿತ್ತು, ಸೊನ್ನಿ ಅನ್ನೋದೇ ಅದ್ರಾಗ ಇಲ್ಲ. ಅದಕ್ಕ ಅಲ್ಲಿ ಬಿಟ್ಟು ಇಲ್ಲಿ ಬರೀಲಾಕತ್ತೀನಿ. ಉದ್ದ ಆಗ್ತದ, ಚಹಾ ಇಟ್ಕೊಂಡು ಕೂಡ್ರಿ.

ಹೋಗೋದು ಹ್ಯಾಂಗ ಅನ್ನೋದು ಮೊದ್ಲ ಹೇಳಿಬಿಡ್ತೀನಿ. ಕಲಬುರಗಿಯಿಂದ ಹುಮನಾಬಾದ್ ಮ್ಯಾಲೆ ಹಾಯ್ದು ಸುಮಾರು ನೂರಾ ಹತ್ತು ನೂರಾ ಇಪ್ಪತ್ತು ಕಿಲೋಮೀಟರ್, ಬಸ್ ಆವ, 2017ರಿಂದ ರೈಲೂ ಅದ. ರೈಲು ಛಲೋ, ಕಿಸೆಗೂ ಛಲೋ. ನಾವು ಮಾತ್ರ ಕಾರ್ ಮಾಡ್ಕೊಂಡು ಹೋದ್ವಿ, ಯಾಕಂದ್ರ ಅವ್ವನ ಮೊಣಕಾಲು. ಟ್ರಾವೆಲ್ಸ್ ಹೆಸರು ಬ್ಯಾಡ, ಫೋನಿನ್ಯಾಗ ಒಂದ್ ರೇಟು ಹೇಳಿ ಗಾಡಿ ಬಂದ ಮ್ಯಾಲೆ ಎಸಿ ಬ್ಯಾರೆ ಟೋಲ್ ಬ್ಯಾರೆ ಡ್ರೈವರ್ ಬತ್ತಾ ಬ್ಯಾರೆ ಅಂದ್ರು, ಅವ್ರಿಗೆ ಒಂದು ಸ್ಟಾರ್ ಸೈತ ಹೆಚ್ಚಾತು. ಡ್ರೈವರ್ ಹುಡುಗ ಮಾತ್ರ ಬಂಗಾರದಂಥವ, ಇಪ್ಪತ್ನಾಲ್ಕು ಇಪ್ಪತ್ತೈದು ವಯಸ್ಸಿರಬೇಕು, ಮಾತು ಕಮ್ಮಿ. ಅಂವನ ಬಗ್ಗೆ ಮುಂದ ಬರ್ತದ.

ಅವ್ವನ ಒಂದು ಕಂಡೀಷನ್ ಇತ್ತು, ಊರು ಬಿಡೋದ್ರೊಳಗ ಬಂದೇನವಾಜ್ ದರ್ಗಾಕ್ಕ ಹೋಗಿ ಸಕ್ರಿ ಮ್ಯಾಲೆ ದುವಾ ಓದಿಸ್ಕೊಂಡೇ ಹೋಗ್ಬೇಕು ಅಂತ. ನಮ್ಮ ಮನ್ಯಾಗ ಇದೇನು ಹೊಸಾದಲ್ಲ. ನಮ್ಮಜ್ಜಿ ಸೋಮವಾರ ಶರಣಬಸಪ್ಪನ ಗುಡಿ, ಗುರುವಾರ ದರ್ಗಾ, ಎರಡೂ ಕಡೆ ಒಂದೇ ಚೀಲ ತಗೊಂಡು ಹೋಗಾಕಿ, ಅಕೀಗೆ ಇದರಾಗ ಸರ್ವಧರ್ಮ ಸಮನ್ವಯ ಗಿಮನ್ವಯ ಏನೂ ಗೊತ್ತಿರ್ಲಿಲ್ಲ, ಕೂಸಿಗೆ ಜ್ವರ ಬಂದ್ರ ಯಾರು ಕೇಳ್ತಾರ ಅವರ ಹತ್ರ ಹೋಗೋದು ಅಷ್ಟೇ. ಬೆಳಿಗ್ಗೆ ಏಳಕ್ಕ ದರ್ಗಾದಾಗ ಗದ್ಲ ಇರ್ಲಿಲ್ಲ. ಗುಂಬಜ್ ಒಳಗಿನ ಬಣ್ಣದ ಕೆಲಸ ನೋಡ್ಬೇಕಂದ್ರ ಹೊತ್ತು ಏರೂದ್ರೊಳಗ ಹೋಗ್ರಿ, ಉರುಸಿನ್ಯಾಗ ಹೋದ್ರ ಮುಂದಿನವನ ತಲಿ ಬಿಟ್ಟು ಮತ್ತೇನೂ ಕಾಣಂಗಿಲ್ಲ.

ಬಂದೇನವಾಜರ ಕಥಿ ನಮ್ಮೂರವ್ರಿಗೇ ಅರ್ಧ ಗೊತ್ತಿರ್ತದ, ಅದಕ್ಕ ಸ್ವಲ್ಪ ಹೇಳ್ತೀನಿ. ಖರೇ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಹುಟ್ಟಿದ್ದು ದಿಲ್ಲ್ಯಾಗ, 1321ರಾಗ. ಗೇಸು ದರಾಜ್ ಅಂತನೂ ಕರೀತಾರ, ಅಂದ್ರ ಉದ್ದ ಕೂದಲಿನವ. ಗುರುಗಳ ಪಲ್ಲಕ್ಕಿ ಹೊರೋವಾಗ ಕೂದಲು ಪಲ್ಲಕ್ಕಿಗೆ ಸಿಕ್ಕು ಜಗ್ಗಿದ್ರೂ ಬಾಯಿ ಬಿಡ್ಲಿಲ್ಲ, ಹಂಗೇ ಹೊತ್ಕೊಂಡು ಹೋದ್ರು ಅಂತ ಕಥಿ. ಆ ಗುರು ಅಂದ್ರ ಸೂಫಿಗಳ ಚಿಸ್ತಿ ಪಂಥದ ನಸೀರುದ್ದೀನ್ ಚಿರಾಗ್ ದೆಹಲಿ. ತೈಮೂರ ದಿಲ್ಲಿ ಮ್ಯಾಲೆ ಬಿದ್ದಾಗ ಇವ್ರು ದಿಲ್ಲಿ ಬಿಟ್ಟು ದಕ್ಷಿಣಕ್ಕ ಬಂದ್ರು, ಆವಾಗ್ಲೇ ಎಂಬತ್ತರ ಹತ್ರ ವಯಸ್ಸು. ಯೋಚ್ನಿ ಮಾಡ್ರಿ, ನಮ್ಮವ್ವ ಅರವತ್ತೆಂಟಕ್ಕ ಬೀದರ್‌ಗೆ ಕಾರಿನ್ಯಾಗ ಬರ್ಲಾಕ ಸೊಂಟ ಸೊಂಟ ಅಂತಾಳ. ಬಹಮನಿ ಸುಲ್ತಾನ ಫಿರೋಜ್ ಶಾಹ ಮೊದ್ಲ ಭಾಳ ಮರ್ಯಾದಿಲೆ ಇಟ್ಕೊಂಡ, ಆಮ್ಯಾಲೆ ಕೋಟೆ ಬಾಜೂಕ ಇವರ ಖಾನಕಾದಾಗ, ಅಂದ್ರ ಸೂಫಿ ಮಠದಾಗ, ಜನಾ ಕೂಡೋದು ನೋಡಿ ಅಂವಗ ಸೇರ್ಲಿಲ್ಲ, ದೂರ ಹೋಗ್ರಿ ಅಂದ, ಹಂಗಾಗಿ ಈಗ ದರ್ಗಾ ಇರೋ ಕಡೆ ಬಂದ್ರು ಅಂತಾರ. ಫಿರೋಜನ ತಮ್ಮ ಅಹ್ಮದ್ ಶಾಹನಿಗೆ ಇವರ ಬೆಂಬಲ ಇತ್ತು. ಅಂವ 1422ರಾಗ ಸುಲ್ತಾನ ಆದ, ಅದೇ ವರ್ಷ ಇವರು ತೀರ್ಕೊಂಡ್ರು, ನೂರು ದಾಟಿತ್ತು. ರಾಜಕಾರಣ ಆವಾಗೂ ಇತ್ತು, ಸಂತರಂದ್ರ ಬರೇ ಜಪಮಣಿ ಹಿಡ್ಕೊಂಡು ಕೂತವ್ರು ಅಂತ ತಿಳ್ಕೋಬ್ಯಾಡ್ರಿ.

ಇನ್ನೊಂದು ಮಾತು. ಬಂದೇನವಾಜರು ಹಿಂದೂ-ಮುಸ್ಲಿಂ ಒಂದೇ ಅಂತ ಭಾಷಣ ಮಾಡ್ಕೊಂಡು ತಿರುಗಿದವ್ರು ಅಂತ ಕೆಲವ್ರು ಬರೀತಾರ, ಹಂಗಲ್ಲ. ಶರಿಯತ್ ವಿಷಯದಾಗ ಕಟ್ಟುನಿಟ್ಟಿನ ಪಂಡಿತರು ಅವರು. ಸಂಸ್ಕೃತ ಬರ್ತಿತ್ತು, ಬ್ರಾಹ್ಮಣ ಪಂಡಿತರ ಜೋಡಿ ವಾದಕ್ಕೂ ಕೂಡ್ತಿದ್ರು. ಆದ್ರ ಜನರ ಮ್ಯಾಲೆ ಪರಿಣಾಮ ಆಗಿದ್ದು ಪಂಡಿತಕಿಯಿಂದ ಅಲ್ಲ, ಯಾರು ಬಂದ್ರೂ ಒಳಗ ಬಿಟ್ಟು ಉಣ್ಣಾಕಿಟ್ಟಿದ್ದಕ್ಕ. ಖಾನಕಾ ಅಂದ್ರ ಬರೇ ಧ್ಯಾನದ ಜಾಗ ಅಲ್ಲ, ಚಿಸ್ತಿಗಳ ಖಾನಕಾದಾಗ ಲಂಗರ್ ಇರ್ತಿತ್ತು. ಹೌದ್ರಿ, ಲಂಗರ್ ಅನ್ನೋ ಶಬ್ದ ಸೂಫಿಗಳ ಅಡಿಗಿ ಮನ್ಯಾಗ ಮೊದ್ಲೇ ಇತ್ತು, ಸಿಖ್ಖರು ಅದನ್ನ ತಗೊಂಡು ಬ್ಯಾರೇನೇ ಎತ್ತರಕ್ಕ ಒಯ್ದ್ರು. ಆಮ್ಯಾಲೆ ಬಂದ ದಖ್ಖನಿ ಸೂಫಿಗಳು ಹೆಣ್ಣಮಕ್ಕಳು ಬೀಸೋವಾಗ ಹಾಡೋ ಚಕ್ಕಿನಾಮಾ ಕಟ್ಟಿದ್ರು, ಬೀಸೋ ಕಲ್ಲು ತಿರಗೋದಕ್ಕ ದೇವರ ಹೆಸರು ಕೂಡಿಸಿದ್ರು. ನಮ್ಮ ಬೀಸೋ ಪದ ಅದಾವಲ್ಲ, ಅದೇ ಜಾಡು. ಧರ್ಮ ಅಡಿಗಿ ಮನಿ ಬಾಗಿಲದಿಂದ ಒಳಗ ಬಂದ್ರ ಯಾರೂ ತಡಿಯಂಗಿಲ್ಲ ಅನ್ನೋದು ಇವ್ರಿಗೆ ಗೊತ್ತಿತ್ತು ಕಾಣಸ್ತದ.

ಸರಿ, ಬೀದರ್. ಹತ್ತೂವರಿಗೆ ಮುಟ್ಟಿದ್ವಿ. ಗುರು ನಾನಕ್ ಝೀರಾ ಸಾಹೇಬ್ ಮೂರು ಕಡೆ ಕೆಂಪು ಗುಡ್ಡ, ನಡುವ ತಗ್ಗಿನ್ಯಾಗ ಅದ, ಮ್ಯಾಲಿಂದ ಇಳದು ಹೋಗೋವಾಗ್ಲೇ ಗಾಳಿ ತಂಪಾಗ್ತದ. ತಲಿ ಮ್ಯಾಲೆ ಬಟ್ಟಿ ಬೇಕೇ ಬೇಕು, ಗಂಡಸರಿಗೂ, ಟೋಪಿ ನಡಿಯಂಗಿಲ್ಲ, ಕರ್ಚೀಪ್ ಇದ್ರೂ ಸಾಕು, ಇಲ್ಲಂದ್ರ ಅಲ್ಲೇ ಸಿಗ್ತದ. ಚಪ್ಪಲಿ ಬಿಟ್ಟು ಕಾಲು ತೊಳಕೊಂಡು ಒಳಗ ಹೋಗ್ಬೇಕು. ಅವ್ವ ಸೆರಗು ತಲಿ ಮ್ಯಾಲೆ ಹೊತ್ಕೊಂಡು ‘ನನಗೇನೂ ಹೊಸಾದಲ್ಲ ಬಿಡು’ ಅಂದ್ಲು. ಮೊದ್ಲ ದರ್ಶನ, ಆಮ್ಯಾಲೆ ಕಡಾ ಪ್ರಸಾದ. ಗೋಧಿ ಹಿಟ್ಟು, ತುಪ್ಪ, ಸಕ್ರಿ, ಸಮಸಮ ಅಳತಿ, ಅಂಗೈ ಮ್ಯಾಲೆ ಬಿಸಿಬಿಸಿ ಇಡ್ತಾರ, ಕೈಗೆಲ್ಲಾ ತುಪ್ಪ. ನಮ್ಮ ಕಡೆ ಸಜ್ಜಕ ತಿಂದು ಬೆಳೆದವ್ರಿಗೆ ರುಚಿ ಪರಿಚಯದ್ದೇ, ಆದ್ರ ಯಾಲಕ್ಕಿ ಗೀಲಕ್ಕಿ ಇಲ್ಲ, ಹುರದ ಹಿಟ್ಟಿನ ವಾಸ್ನಿನೇ ಮುಂದ ಬರ್ತದ. ಇದೊಂದಕ್ಕೇ ಐದು ಸ್ಟಾರ್ ಕೊಟ್ಟು ಮನಿಗೆ ಹೋಗಬಹುದು.

ಝೀರಾ ಅಂದ್ರ ಬುಗ್ಗಿ, ಝರಿ. ಗುರು ನಾನಕರು (1469–1539) ದಕ್ಷಿಣದ ಯಾತ್ರಿಗೆ ಬಂದಾಗ, 1510 ಆದ ಮ್ಯಾಲಿನ ಮಾತು ಅದು, ಈ ಊರ ಹೊರಗ ಇಳಕೊಂಡಿದ್ರು. ಜೋಡಿ ಮರ್ದಾನಾ ಇದ್ದ, ರಬಾಬ್ ಬಾರ್ಸೋ ಮುಸ್ಲಿಂ ಗೆಳೆಯ. ಅಲ್ಲಿದ್ದ ಮುಸ್ಲಿಂ ಫಕೀರರು ಬಂದು ಸ್ವಾಮಿ ಇಲ್ಲಿ ಬಾವಿ ತೋಡಿದ್ರ ನೀರಿಲ್ಲ, ಬಂದ್ರೂ ಸವಳು ಅಂತ ಹೇಳಿದ್ರಂತ, ಇವ್ರು ಪಾದದಿಂದ ಒಂದು ಕಲ್ಲು ಸರಿಸಿದ್ರ ಸಿಹಿ ನೀರು ಚಿಮ್ಮಿತಂತ. ನಂಬೋವ್ರು ನಂಬ್ತಾರ. ನನಗ ಹೈಸ್ಕೂಲಿನ ಭೂಗೋಳದ ಮಾಸ್ತರು ನೆನಪಾದ್ರು. ಬೀದರ್ ಊರೇ ಜಂಬಿಟ್ಟಿಗಿ ಕಲ್ಲಿನ ಮ್ಯಾಲೆ ಕೂತದ, ಅದು ಸ್ಪಂಜ್ ಇದ್ದಂಗ, ಮಳಿ ನೀರು ಇಳೀತಾ ಹೋಗಿ ಕೆಳಗಿನ ಗಟ್ಟಿ ಪದರಿಗೆ ತಾಗಿ ಅಡ್ಡ ಹರದು ಗುಡ್ಡದ ಅಂಚಿನ್ಯಾಗ ಬುಗ್ಗಿ ಆಗ್ತದ. ನರಸಿಂಹ ಝರಣಿಯಾಗ ಎದಿ ಮಟ ನೀರಾಗ ನಡದು ದೇವರ ಹತ್ರ ಹೋಗ್ತೀವಲ್ಲ, ಅದೂ ಇದೇ ಕಲ್ಲಿನ ಕರಾಮತ್ತು. ಬಹಮನಿಯವ್ರು ನೌಬಾದ್ ಕಡೆ ಭೂಮಿ ಒಳಗ ಕರೇಜ್ ಸುರಂಗ ತೋಡಿ ನೀರು ತಂದಿದ್ದೂ ಇದ್ರಾಗೇ. ಹಂಗಾದ್ರ ಪವಾಡ ಸುಳ್ಳೇನು ಅಂತ ಅವ್ವ ಕೇಳಿದ್ಲು. ಎಲ್ಲಿ ಕಲ್ಲು ಸರಿಸಬೇಕು ಅಂತ ಗೊತ್ತಿರೋದೂ ಸಣ್ಣ ಮಾತಲ್ಲ ಅಂದೆ. ಆ ಉತ್ತರ ಅಕೀಗೆ ಸೇರ್ಲಿಲ್ಲ, ಮಕ ಆ ಕಡೆ ಮಾಡಿದ್ಲು. ನನಗ ಹಿಡಿಸಿದ್ದು ಪವಾಡಕ್ಕಿಂತ ಹೆಚ್ಚು ಆ ಫಕೀರರು. ಬ್ಯಾರೆ ಪಂಥದ ಸಾಧು ಬಂದಾನ ಅಂತ ಓಡಿಸ್ಲಿಲ್ಲ, ನೀರಿಲ್ಲ ಅನ್ನೋ ಊರ ಕಷ್ಟ ಹೇಳ್ಕೊಂಡ್ರು.

ಈಗಿರೋ ಗುರುದ್ವಾರ ಕಟ್ಟಿದ್ದು 1948ರಾಗ, ನಮ್ಮ ಕಡೆ ಅದು ಯಾವ ವರ್ಷ ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಜಾಮನ ಆಳ್ವಿಕಿ ಮುಗದ ವರ್ಷ. ಬುಗ್ಗಿ ನೀರು ಅಮೃತ ಕುಂಡಕ್ಕ ಬರ್ತದ, ಜನಾ ಬಾಟ್ಲಿ ತುಂಬಸ್ಕೊಂಡು ಹೋಗ್ತಾರ. ಉಳ್ಕೊಳ್ಳಾಕ ಯಾತ್ರಿ ನಿವಾಸ ಅದ, ನಾವು ಉಳೀಲಿಲ್ಲ, ಅದರ ಬಗ್ಗೆ ಬರಿಯಂಗಿಲ್ಲ. ನಾನಕ್ ಜಯಂತಿ, ಹೋಳಿ ಟೈಮಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ನಾಂದೇಡ್‌ನ ಹಜೂರ್ ಸಾಹೇಬ್ ಗುರುದ್ವಾರ ನೋಡ್ಲಾಕ ಬಂದವ್ರು ಇಲ್ಲೀ ಮಟ ಬರ್ತಾರ.

ಈಗ ಊಟ. ಊಟದ ಹಾಲ್ ಬಾಗಿಲ ಮಟ ಬಂದ ಡ್ರೈವರ್ ಹುಡುಗ ನಿಂತ. ‘ಅಮ್ಮಾರ, ನೀವು ಉಂಡ್ ಬರ್ರಿ, ನಾ ಗಾಡಿ ಹತ್ರ ಇರ್ತೀನಿ’ ಅಂದ. ಇದು ಎಲ್ಲಾ ಡ್ರೈವರ್‌ಗಳು ಅನ್ನೋ ಮಾತೇ, ಹೋಟೆಲಿನ್ಯಾಗ ನಾವೂ ‘ಇರ್ಲಿ ನೀನೂ ಉಣ್ಣು’ ಅಂತ ನೂರು ರೂಪಾಯಿ ಕೈಯಾಗ ಇಟ್ಟು ಬ್ಯಾರೆ ಟೇಬಲ್‌ಗೆ ಕಳಸ್ತೀವಿ, ಯಾರೂ ಯಾರಿಗೂ ಬೈಯಂಗಿಲ್ಲ, ಹಂಗೇ ನಡೀತದ. ಅವ್ವ, ‘ಗಾಡಿ ಯಾರು ಒಯ್ತಾರೋ ತಮ್ಮಾ, ಬಾ’ ಅಂದ್ಲು. ಅಂವ ಇನ್ನೂ ಅನುಮಾನ ಮಾಡ್ಲಾಕತ್ತಿದ್ದ, ಅಷ್ಟ್ರಾಗ ಒಬ್ಬ ಬಿಳಿ ಗಡ್ಡದ ಸೇವಾದಾರ್ ಅಂವನ ಕೈಗೂ ಒಂದು ತಾಟು ಕೊಟ್ಟು ಬೈಠೋ ಬೇಟಾ ಅಂದ್ರು. ಮುಗೀತು. ಉದ್ದ ಪಟ್ಟಿ ಹಾಸಿದ್ರು, ನೆಲದ ಮ್ಯಾಲೆ ಸಾಲು. ನನ್ನ ಎಡಕ್ಕ ಅವ್ವ, ಬಲಕ್ಕ ಡ್ರೈವರ್, ಅಂವನ ಆ ಕಡೆ ಮಹಾರಾಷ್ಟ್ರದ ನಂಬರಿನ ದೊಡ್ಡ ಕಾರಿನ್ಯಾಗ ಬಂದ ಒಬ್ಬರು, ಬಂಗಾರದ ಕಡಗದವರು, ಎದುರಿನ ಸಾಲಿನ್ಯಾಗ ತೊಗರಿ ರಾಶಿ ಮಾಡಿ ನೇರ ಬಂದಂಗಿದ್ದ ಇಬ್ಬರು ಹೆಣ್ಣಮಕ್ಕಳು, ಕಾಲೇಜಿನ ಹುಡುಗೂರು. ಎಲ್ಲರ ಮುಂದೂ ಒಂದೇ ಸ್ಟೀಲ್ ತಾಟು.

ಮೆನು ಅಂದ್ರ ಅವತ್ತು ರೋಟಿ, ದಾಲ್, ಆಲೂ ಪಲ್ಯ, ಅನ್ನ, ಖೀರು. ಬಡಿಸೋವ್ರು ಪರ್ಶಾದಾ ವಾಹೆಗುರು, ದಾಲಾ ವಾಹೆಗುರು ಅಂತ ಕೂಗ್ತಾ ಬರ್ತಾರ, ಪರ್ಶಾದಾ ಅಂದ್ರ ರೋಟಿ, ವಾಹೆಗುರು ಅಂದ್ರ ದೇವರ ಹೆಸರು. ಎರಡೂ ಕೈ ಚಾಚಿ ತಗೋಬೇಕು, ತಾಟಿಗೆ ಒಗಿಯಂಗಿಲ್ಲ. ನನಗ ಗೊತ್ತಿಲ್ದ ಒಂದ್ ಕೈ ಚಾಚಿದೆ, ಸೇವಾದಾರ್ ನಕ್ಕು ನಿಂತ್ರು, ಅವ್ವ ಮೊಣಕೈಲೆ ತಿವದ್ಲು. ದಾಲ್ ನಮ್ಮ ತೊಗರಿ ಬ್ಯಾಳಿ ಹಂಗಲ್ಲ, ಕರಿ ಉದ್ದು ಕಡ್ಲಿ ಬ್ಯಾಳಿ ಕೂಡಿಸಿ ರಾತ್ರಿಯೆಲ್ಲಾ ಕುದಿಸಿದಂಗ ಮಂದ, ಖಾರ ಕಮ್ಮಿ. ಕಲಬುರಗಿ ನಾಲಿಗಿಗೆ ಇದು ಪೇಷಂಟ್ ಊಟ ಅನಸ್ತದ, ಶೇಂಗಾ ಹಿಂಡಿ ಒಂಚೂರು ಇದ್ರ ಅಂತ ಅವ್ವ ಬಾಯಿ ಬಿಟ್ಟೇ ಅಂದ್ಲು. ಆದ್ರ ಎರಡನೇ ಸಲ ತಾನೇ ಕೇಳಿ ಹಾಕಿಸ್ಕೊಂಡ್ಲು. ರೋಟಿ ಬಿಸಿ, ಮೆತ್ತಗ. ಆಲೂ ಸಾದಾ. ಖೀರು ತೆಳ್ಳಗ ಇತ್ತು, ನಾನಾದ್ರ ಇನ್ನ ಹತ್ತು ನಿಮಿಷ ಕುದಸ್ತಿದ್ದೆ. ತಾಟಿನ್ಯಾಗ ಬಿಡಬಾರ್ದು, ಅದೊಂದು ನೆನಪಿಟ್ಕೊಳ್ರಿ, ಸ್ವಲ್ಪ ಸ್ವಲ್ಪ ಹಾಕಿಸ್ಕೊಳ್ರಿ, ಮತ್ತ ಬರ್ತಾರ, ಮತ್ತ ಮತ್ತ ಬರ್ತಾರ.

ಸರ್ವಿಸ್ ಬಗ್ಗೆ ಬರೀಬೇಕಲ್ಲ. ಬಡಿಸೋವ್ರು ಯಾರೂ ಪಗಾರದವ್ರು ಇದ್ದಂಗ ಕಾಣ್ಲಿಲ್ಲ, ನಮ್ಮ ಜೋಡಿ ದರ್ಶನಕ್ಕ ನಿಂತಿದ್ದ ಒಬ್ಬರು ಆಮ್ಯಾಲೆ ಬಕೇಟು ಹಿಡ್ಕೊಂಡು ದಾಲ್ ಹಾಕ್ಲಾಕತ್ತಿದ್ರು. ಈ ಸಾಲಿಗೆ ಪಂಗತ್ ಅಂತಾರ, ನಾವು ಪಂಕ್ತಿ ಅಂತೀವಲ್ಲ ಅದೇ ಶಬ್ದ. ಆದ್ರ ನಮ್ಮ ಕಡೆ ಪಂಕ್ತಿ ಅಂದಕೂಡ್ಲೇ ಪಂಕ್ತಿಭೇದ ಅನ್ನೋದೂ ಬೆನ್ನಿಗೇ ಬರ್ತದ, ಯಾರು ಒಳಗ ಯಾರು ಅಂಗಳದಾಗ ಅನ್ನೋ ಲೆಕ್ಕ. ನಾನಕರು ಲಂಗರ್ ಶುರು ಮಾಡಿದ್ದು ಈ ಲೆಕ್ಕ ಮುರೀಲಾಕ. ಮೂರನೇ ಗುರು ಅಮರದಾಸರು ಇನ್ನ ಗಟ್ಟಿ ಮಾಡಿದ್ರು, ಮೊದ್ಲ ಪಂಗತ್ ಆಮ್ಯಾಲೆ ಸಂಗತ್, ಅಂದ್ರ ಮೊದ್ಲ ಸಾಲಿನ್ಯಾಗ ಕೂತು ಉಣ್ಣು ಆಮ್ಯಾಲೆ ನನ್ನ ಭೇಟಿಗೆ ಬಾ. ಅಕ್ಬರ್ ಬಾದಶಾಹ ಅಮರದಾಸರಿದ್ದ ಗೋಯಿಂದವಾಲ್‌ಗೆ ಬಂದಾಗ ಅಂವನೂ ನೆಲದ ಮ್ಯಾಲೆ ಕೂತು ಉಂಡ ಅಂತ ಸಿಖ್ಖರು ಹೇಳ್ತಾರ. ಅಲ್ಲಿ ಬಾದಶಾಹ ಸಾಲಿಗೆ ಬಂದು ಕೂತ, ನಮ್ಮ ಕಲಬುರಗ್ಯಾಗ ಫಿರೋಜ್ ಶಾಹ ಜನಾ ಭಾಳಾತು ದೂರ ಹೋಗ್ರಿ ಅಂದ. ಯಾರ ಹೆಸರಿಲೆ ಇವತ್ತೂ ಸಕ್ರಿ ಓದಸ್ತಾರ, ಯಾರ ಗುಂಬಜಿನ್ಯಾಗ ಪಾರಿವಾಳ ಕೂಡ್ತಾವ ಅನ್ನೋದು ನಮ್ಮೂರವ್ರಿಗೆ ಗೊತ್ತೇ ಅದ.

ಉಣ್ತಾ ಉಣ್ತಾ ಆ ಕಡಗದವರ ಜೋಡಿ ಮಾತಾತು, ಹಿಂದ್ಯಾಗ. ಅವರು ಹೇಳಿದ್ದು ಬೀದರ್ ಸಿಖ್ಖರಿಗೆ ಬರೇ ನೀರಿನ ಊರಲ್ಲ ಅಂತ. 1699ರ ಬೈಸಾಖಿ ದಿವ್ಸ ಆನಂದಪುರ ಸಾಹೇಬದಾಗ ಹತ್ತನೇ ಗುರು ಗೋಬಿಂದ್ ಸಿಂಗರು ತಲಿ ಕೊಡೋವ್ರು ಯಾರು ಅಂತ ಕೇಳಿದಾಗ ಎದ್ದು ನಿಂತ ಐದು ಮಂದಿ ಪಂಜ್ ಪ್ಯಾರೆ, ಅಂದ್ರ ಐವರು ಪ್ರೀತಿಯವ್ರು, ಅದಾರಲ್ಲ, ಅದ್ರಾಗ ಒಬ್ಬರು ಬೀದರ್‌ನವ್ರು, ಭಾಯಿ ಸಾಹಿಬ್ ಸಿಂಗ್, ಕ್ಷೌರಿಕರ ಮನಿತನ. ಉಳದವ್ರು ಲಾಹೋರದ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರೋ ಮನಿತನದವ್ರು, ದ್ವಾರಕಾದ ದರ್ಜಿ. ಐದು ಜಾತಿ ಐದು ದಿಕ್ಕು, ಒಂದೇ ಬಟ್ಟಲಿನ ಅಮೃತ ಕುಡದು ಒಂದೇ ಅಡ್ಡಹೆಸರು ಇಟ್ಕೊಂಡ್ರು, ಆಮ್ಯಾಲೆ ಗುರುನೇ ಅವರ ಕೈಲೆ ಅಮೃತ ತಗೊಂಡ್ರು. ನಾನು ಕೇಳಿ ಸುಮ್ಮನಾದೆ. ಬೀದರ್ ಜಿಲ್ಲಾ ಅಂದ್ರ ಬಸವಕಲ್ಯಾಣದ ಜಿಲ್ಲಾ, ಹಡಪದ ಅಪ್ಪಣ್ಣ ಬಸವಣ್ಣನವರ ಬಲಗೈ ಆಗಿ ಕೂತ ನೆಲ, ಅಲ್ಲಿಂದ ಐನೂರು ವರ್ಷದ ಮ್ಯಾಲೆ ಅದೇ ನೆಲದ ಕ್ಷೌರಿಕರ ಮಗ ಪಂಜಾಬದಾಗ ಪ್ಯಾರೆ ಆದ. ಒಂದಕ್ಕೊಂದು ಗಂಟು ಹಾಕಾಕ ನನ್ನ ಹತ್ರ ದಾಖಲಿ ಇಲ್ಲ, ಹಾಕಂಗೂ ಇಲ್ಲ, ಆದ್ರ ರೋಟಿ ಕೈಯಾಗ ಹಂಗೇ ಉಳೀತು. ಬೀದರ್‌ನಿಂದ ಹತ್ತು ಕಿಲೋಮೀಟರ್ ಇರೋ ಜನವಾಡಾದಾಗ ಮಾಯಿ ಭಾಗೋ ಇದ್ರಂತ, ಕತ್ತಿ ಹಿಡದು ಯುದ್ಧ ಮಾಡಿದ ಹೆಣ್ಣಮಗಳು, 1708ರಾಗ ನಾಂದೇಡ್‌ನಾಗ ಗುರು ಗೋಬಿಂದ್ ಸಿಂಗರು ತೀರಿದ ಮ್ಯಾಲೆ ಅಲ್ಲಿ ಬಂದು ಕಡೀತನಕ ಉಳದಾಕಿ. ಅಲ್ಲೂ ಗುರುದ್ವಾರ ಅದ, ಟೈಮ್ ಸಾಲ್ಲಿಲ್ಲ.

ಇನ್ನ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹೇಬದ ಮಾತು. ಅದ್ರಾಗ ಬರೇ ಗುರುಗಳ ಪದ ಇಲ್ಲ, ಚಿಸ್ತಿ ಸೂಫಿ ಬಾಬಾ ಫರೀದರ 112 ಶ್ಲೋಕ ಆವ, ಕಬೀರ ಅದಾನ, ಚಮ್ಮಾರ ರವಿದಾಸ ಅದಾನ. ನಾಮದೇವನ 61 ಪದ ಆವ ಅಂದಾಗ ಅವ್ವ ತಟ್ಟನೆ ತಿರುಗಿದ್ಲು, ‘ನಮ್ಮ ಪಂಢರಪುರದ ನಾಮದೇವನೇನು’ ಅಂತ. ಹೌದವ್ವಾ, ಅಂವನೇ. ಬಂದೇನವಾಜರೂ ಫರೀದರೂ ಒಂದೇ ಚಿಸ್ತಿ ಪರಂಪರಿ, ಅಂದ್ರ ಬೆಳಿಗ್ಗೆ ಸಕ್ರಿ ಓದಿಸ್ಕೊಂಡು ಬಂದ ದರ್ಗಾದ ಹಿರೀಕನ ಪದಕ್ಕ ಇಲ್ಲಿ ಮಧ್ಯಾಹ್ನ ನಾವು ತಲಿ ಬಾಗಿಸಿದ್ವಿ. ಇದನ್ನ ಹೇಳಿದ ಮ್ಯಾಲೆ ಪವಾಡದ ಸಿಟ್ಟು ಹೋತು ಅಕೀದು.

ಎಲ್ಲಾ ಬಂಗಾರ ಅಂತ ಹೇಳಂಗಿಲ್ಲ. ಪಂಜಾಬಿನ್ಯಾಗೂ ಜಾತಿ ಹೋಗಿಲ್ಲ, ಜಾತಿಗೊಂದು ಗುರುದ್ವಾರ ಇರೋ ಹಳ್ಳಿ ಆವ. ಇದೇ ಬೀದರ್‌ನಾಗ 1988ರಾಗ ಸಿಖ್ ವಿದ್ಯಾರ್ಥಿಗಳ ಕೊಲಿ ಆಗಿತ್ತು, ನಮ್ಮ ವಯಸ್ಸಿನವ್ರಿಗೆ ನೆನಪದ, ಆ ಮಾತು ಎತ್ತಿದ್ರ ಊರವ್ರು ಈಗೂ ದನಿ ಸಣ್ಣ ಮಾಡ್ತಾರ. ನಮ್ಮ ಕಡೆ ಹಳ್ಳಿ ಚಹಾ ಅಂಗಡ್ಯಾಗ ಬ್ಯಾರೆ ಕಪ್ ಇನ್ನೂ ಸಿಗ್ತಾವ. ಸಂತರು ಐನೂರು ವರ್ಷ ಹಿಂದ ಹಾಸಿದ ಪಟ್ಟಿ ಊಟದ ಹಾಲ್ ಬಾಗಿಲ ಹೊರಗ ಎಷ್ಟು ದೂರ ಬಂದದ ಅನ್ನೋದು ಬ್ಯಾರೆ ಪ್ರಶ್ನಿ.

ಉಂಡಾದ ಮ್ಯಾಲೆ ಅವ್ವ ತಾಟು ತೊಳಿಯೋ ಕಡೆ ಹೋಗಿ ನಿಂತುಬಿಟ್ಲು. ಮೊಣಕಾಲು ನೋವು ಎಲ್ಲಿ ಹೋತೋ, ಅರ್ಧ ತಾಸು ಬ್ಯಾರೆಯವ್ರ ಎಂಜಲ ತಾಟು ತೊಳದ್ಲು, ಆ ತೊಗರಿ ರಾಶಿ ಹೆಣ್ಣಮಕ್ಕಳ ಜೋಡಿ ಮಳಿ, ಬೆಳಿ, ಸೊಸಿ ಎಲ್ಲಾ ಮಾತಾಡಿದ್ಲು. ಮನ್ಯಾಗ ನಮ್ಮ ತಾಟು ತೊಳಿ ಅಂದ್ರ ಏನಂತಾಳ ಅಂತ ನಾ ಇಲ್ಲಿ ಬರಿಯಂಗಿಲ್ಲ.

ವಾಪಸ್ ಹೋಗೋದ್ರೊಳಗ ಅಷ್ಟೂರಿಗೆ ಹೋಗ್ರಿ, ಊರಿಗೆ ಹತ್ರನೇ. ಬಂದೇನವಾಜರ ಬೆಂಬಲ ಇದ್ದ ಅದೇ ಅಹ್ಮದ್ ಶಾಹ, ರಾಜಧಾನಿ ಬೀದರ್‌ಗೆ ಒಯ್ದವ, ಇಲ್ಲಿ ಮಲಗ್ಯಾನ, 1436ರಾಗ ತೀರಿದ್ದು. ಜನಾ ಅಂವಗ ವಲಿ, ಅಂದ್ರ ಸಂತ, ಅಂತಾರ, ಲಿಂಗಾಯತರು ಅಲ್ಲಮಪ್ರಭು ಅಂತಾರ. ಉರುಸಿಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ಬಂದು ಶಂಖ ಊದಿ ಹೂ ಏರಸ್ತಾರ, ಉರುಸಿನ ದಿವ್ಸ ಗೊತ್ತು ಮಾಡೋದೂ ನಮ್ಮ ಪಂಚಾಂಗ ನೋಡಿ, ಹೋಳಿ ಆದ ಮ್ಯಾಲೆ. ಒಳಗ ಗ್ವಾಡಿ ಮ್ಯಾಲೆ ಇರಾನಿನ ಸೂಫಿ ಶಾಹ ನಿಯಾಮತುಲ್ಲಾನ ಪದ್ಯ ಬಂಗಾರ ಬಣ್ಣದಾಗ ಬರ್ಸ್ಯಾರ, ಕತ್ತಲಿ ಇರ್ತದ, ಟಾರ್ಚ್ ಒಯ್ರಿ.

ರೇಟಿಂಗ್ ಹೇಳಿಬಿಡ್ತೀನಿ. ಕಡಾ ಪ್ರಸಾದ ಐದಕ್ಕ ಐದು. ರೋಟಿ ದಾಲ್ ನಾಲ್ಕು, ಖಾರಕ್ಕ ಒಂದು ಕಟ್. ಖೀರು ಮೂರು. ಕೂಡೋ ವ್ಯವಸ್ಥಾಕ್ಕ ಐದರ ಮ್ಯಾಲೆ ಎಷ್ಟಿದ್ರೂ ಕೊಡ್ತಿದ್ದೆ. ಮೊಣಕಾಲು ನೋವಿದ್ದವ್ರು ಮೊದ್ಲೇ ಸೇವಾದಾರರಿಗೆ ಹೇಳ್ರಿ.

ಹೊತ್ತು ಮುಳುಗೋವಾಗ ಹುಮನಾಬಾದ್ ದಾಟಿ ಒಂದ್ ಕಡೆ ಚಹಾಕ್ಕ ನಿಂತ್ವಿ. ನಾವು ಟೇಬಲ್‌ಗೆ ಹೋಗಿ ಕೂತ್ವಿ, ಹುಡುಗ ತನ್ನ ಕಪ್ ತಗೊಂಡು ಗಾಡಿ ಬಾನೆಟ್ ಹತ್ರ ಹೋಗಿ ನಿಂತ, ನನಗ ಅದು ಕಂಡಿದ್ದೂ ಅರ್ಧ ಚಹಾ ಆದ ಮ್ಯಾಲೆ. ಅವ್ವ ಕುರ್ಚಿ ಜಗ್ಗಿ ‘ಇಲ್ಲಿ ಬಾರೋ ತಮ್ಮಾ’ ಅಂತ ಕೂಗಿದ್ಲು. ‘ಇರ್ಲಿ ಬಿಡ್ರಿ ಅಮ್ಮಾರ, ಇಲ್ಲೇ ಛಲೋ ಗಾಳಿ ಅದ’ ಅಂದ.